ಅರ್ಧಕ್ಕೆ ನಿಂತ ಎನ್‌ಕ್ರಿಪ್ಷನ್‌ಗೆ ಫಾರ್ಮ್ಯಾಟ್ ಮದ್ದಲ್ಲ

ಮಳೆಗಾಲ ಶುರುವಾಯಿತೆಂದರೆ ಶಿವಮೊಗ್ಗದ ನಮ್ಮ ಅಂಗಡಿಗೆ ಒಂದು ಬಗೆಯ ಲ್ಯಾಪ್‌ಟಾಪ್‌ಗಳು ಬರತೊಡಗುತ್ತವೆ. ಅವು ಕೆಟ್ಟು ಕೂತಿರುವುದಿಲ್ಲ. ಬಟನ್ ಒತ್ತಿದರೆ ಆನ್ ಆಗುತ್ತವೆ, ಪಾಸ್‌ವರ್ಡ್ ಹಾಕಿದರೆ ಒಳಗೆ ಬಿಡುತ್ತವೆ, ಫೈಲುಗಳೂ ತೆರೆದುಕೊಳ್ಳುತ್ತವೆ. ಡಿಸ್ಕಿನಲ್ಲಿರುವುದನ್ನು ಕೀ ಇಲ್ಲದವರು ಓದಲಾಗದಂತೆ ಮಾಡುವ ಎನ್‌ಕ್ರಿಪ್ಷನ್ ಮಾತ್ರ ಮೂವತ್ತು ಪರ್ಸೆಂಟಿಗೋ ಎಪ್ಪತ್ತಕ್ಕೋ ಬಂದು ನಿಂತುಬಿಟ್ಟಿರುತ್ತದೆ. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ತಂದವರ ಮುಖದಲ್ಲಿ ಗಾಬರಿ. ಆ ಗಾಬರಿಗಿಂತ ನನ್ನನ್ನು ಹೆಚ್ಚು ಕಾಡುವುದು ಇಲ್ಲಿಗೆ ಬರುವ ಮೊದಲು ಬೇರೆ ಕಡೆ ಅವರಿಗೆ ಸಿಕ್ಕಿರುವ ಸಲಹೆ: ‘ಫಾರ್ಮ್ಯಾಟ್ ಹೊಡೆದುಬಿಡೋಣ, ಎಲ್ಲಾ ಸರಿ ಹೋಗುತ್ತೆ.’

ಕಂಪ್ಯೂಟರ್ ರಿಪೇರಿಯನ್ನೇ ನಂಬಿ ಬದುಕುತ್ತಿರುವವಳು ನಾನು. ಹಾಗಾಗಿ ನನ್ನದೇ ಕಸುಬಿನವರ ವಿರುದ್ಧ ಈ ಮಾತು ಹೇಳುವುದು ಸುಲಭವಲ್ಲ. ಆದರೂ ಹೇಳುತ್ತೇನೆ. ಎನ್‌ಕ್ರಿಪ್ಷನ್ ಅರ್ಧಕ್ಕೆ ನಿಂತ ಡಿಸ್ಕನ್ನು ಕಾರಣ ತಿಳಿಯದೆ ಫಾರ್ಮ್ಯಾಟ್ ಮಾಡುವುದು ರಿಪೇರಿಯಲ್ಲ, ನಷ್ಟ. ಜೊತೆಗೆ, ಯಾಕೆ ನಿಂತಿದೆ ಎಂದು ಗೊತ್ತಿದ್ದೂ ಅದನ್ನು ಪರದೆಯ ಮೇಲೆ ತೋರಿಸದ ಸಾಫ್ಟ್‌ವೇರ್ ಕಂಪನಿಗಳು ಆ ನಷ್ಟದಲ್ಲಿ ಪಾಲುದಾರರು.

ಫಾರ್ಮ್ಯಾಟ್ ಎಂಬ ಪರಿಹಾರ ನಮ್ಮ ಅಂಗಡಿಗಳಿಗೆ ಬಂದದ್ದು ವೈರಸ್‌ಗಳ ಕಾಲದಲ್ಲಿ. ಪೆನ್‌ಡ್ರೈವ್‌ನಿಂದ ವೈರಸ್ ಹತ್ತಿ ಕಂಪ್ಯೂಟರ್ ಕುಂಟುತ್ತಿತ್ತು. ಸಿ ಡ್ರೈವ್ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದರೆ ಓಡುತ್ತಿತ್ತು. ತಪ್ಪಿ ಡಿ ಡ್ರೈವ್ ಫಾರ್ಮ್ಯಾಟ್ ಆದರೂ ರಿಕವರಿ ಸಾಫ್ಟ್‌ವೇರ್ ಓಡಿಸಿ ಮಗುವಿನ ನಾಮಕರಣದ ಫೋಟೋ, ಟ್ಯಾಲಿ ಡೇಟಾ ಎಲ್ಲವನ್ನೂ ವಾಪಸ್ ಎತ್ತಿಕೊಡಬಹುದಿತ್ತು. ಯಾಕೆಂದರೆ ಕ್ವಿಕ್ ಫಾರ್ಮ್ಯಾಟ್ ಎನ್ನುವುದು ಫೈಲುಗಳ ಪಟ್ಟಿಯನ್ನಷ್ಟೇ ಹೊಸದಾಗಿ ಬರೆಯುತ್ತಿತ್ತು, ಫೈಲುಗಳು ಇದ್ದಲ್ಲೇ ಇರುತ್ತಿದ್ದವು. ಆ ಕಾಲ ಹೋಯಿತು. ಈಗಿನ ಎಸ್‌ಎಸ್‌ಡಿಗಳಲ್ಲಿ ಫಾರ್ಮ್ಯಾಟ್ ಮಾಡಿದ ಕೂಡಲೇ ಆ ಜಾಗವೆಲ್ಲ ಖಾಲಿಯೆಂದು ಸಿಸ್ಟಮ್ ಡಿಸ್ಕಿಗೆ ತಿಳಿಸುತ್ತದೆ, ಡಿಸ್ಕ್ ಅದನ್ನು ನಿಜವಾಗಿಯೂ ತೊಳೆದುಹಾಕುತ್ತದೆ. ಅದರ ಮೇಲೆ ಎನ್‌ಕ್ರಿಪ್ಷನ್ ಬೇರೆ ಇದ್ದರೆ ಉಳಿದ ಆಸೆಯೂ ಹೋದಂತೆ.

ಇದು ಯಾಕೆ ಹೀಗೆ ಎಂಬುದು ಅರ್ಥವಾದರೆ ಮುಂದಿನದೆಲ್ಲ ಅರ್ಥವಾಗುತ್ತದೆ. ನಾವು ಹಾಕುವ ಪಾಸ್‌ವರ್ಡಿನಿಂದ ಡಿಸ್ಕ್ ನೇರವಾಗಿ ಎನ್‌ಕ್ರಿಪ್ಟ್ ಆಗುವುದಿಲ್ಲ. ಕಂಪ್ಯೂಟರ್ ತಾನೇ ಒಂದು ದೊಡ್ಡ ಕೀ ತಯಾರಿಸಿಕೊಂಡು, ಅದರಿಂದ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುತ್ತದೆ. ಆಮೇಲೆ ಆ ಕೀಯನ್ನು ನಮ್ಮ ಪಾಸ್‌ವರ್ಡಿನ ಅಥವಾ ರಿಕವರಿ ಕೀಯ ಸಹಾಯದಿಂದ ಭದ್ರಮಾಡಿ ಡಿಸ್ಕಿನದೇ ಒಂದು ಸಣ್ಣ ಮೂಲೆಯಲ್ಲಿ ಇಟ್ಟಿರುತ್ತದೆ. ಪಾಸ್‌ವರ್ಡ್ ಬದಲಿಸಿದಾಗ ಇಡೀ ಡಿಸ್ಕ್ ಮತ್ತೆ ಎನ್‌ಕ್ರಿಪ್ಟ್ ಆಗದೆ ಕ್ಷಣದಲ್ಲಿ ಕೆಲಸ ಮುಗಿಯುವುದು ಇದರಿಂದಲೇ. ಲಿನಕ್ಸ್ ಬಳಸುವ ಲಕ್ಸ್ ಪದ್ಧತಿಯ ಎರಡನೇ ಆವೃತ್ತಿಯಲ್ಲಿ ಈ ವಿವರಗಳೆಲ್ಲ ಇರುವ ತಲೆಭಾಗ ಸಾಮಾನ್ಯವಾಗಿ 16 ಎಂಬಿ ಮಾತ್ರ. ವಿಂಡೋಸ್‌ನ ಬಿಟ್‌ಲಾಕರ್ ಈ ವಿವರದ ಮೂರು ಪ್ರತಿಗಳನ್ನು ಡಿಸ್ಕಿನ ಬೇರೆ ಬೇರೆ ಕಡೆ ಇಟ್ಟುಕೊಳ್ಳುತ್ತದೆ, ಒಂದು ಹಾಳಾದರೆ ಇನ್ನೊಂದು ಇರಲಿ ಎಂದು. ಆ ಸಣ್ಣ ಭಾಗ ಅಳಿಸಿಹೋದರೆ ಉಳಿದ ಒಂದು ಟೆರಾಬೈಟ್ ಜಾಗದಲ್ಲಿ ಇರುವುದು ಅರ್ಥವಿಲ್ಲದ ಅಂಕಿಗಳ ರಾಶಿ ಅಷ್ಟೆ. ಬೆಂಗಳೂರಿನ ಯಾವ ಡೇಟಾ ರಿಕವರಿ ಲ್ಯಾಬಿಗೆ ಕೊಂಡೊಯ್ದರೂ ಅವರು ಕೇಳುವ ಮೊದಲ ಪ್ರಶ್ನೆ ಕೀ ಇದೆಯೇ ಎಂಬುದೇ.

ಈಗ ಎನ್‌ಕ್ರಿಪ್ಷನ್ ಅರ್ಧಕ್ಕೆ ನಿಲ್ಲುವುದು ಎಂದರೇನು ಎಂಬುದಕ್ಕೆ ಬರೋಣ. ಮೊದಲಿನಿಂದ ಡೇಟಾ ತುಂಬಿರುವ ಡಿಸ್ಕಿಗೆ ಎನ್‌ಕ್ರಿಪ್ಷನ್ ಆನ್ ಮಾಡಿದರೆ ಕಂಪ್ಯೂಟರ್ ಒಂದೊಂದೇ ಭಾಗವನ್ನು ಓದಿ, ಎನ್‌ಕ್ರಿಪ್ಟ್ ಮಾಡಿ, ಅಲ್ಲಿಗೇ ವಾಪಸ್ ಬರೆಯುತ್ತ ಸಾಗಬೇಕು. ಗದ್ದೆ ನಾಟಿಯ ಹಾಗೆ: ಎಲ್ಲಿವರೆಗೆ ನೆಟ್ಟಾಗಿದೆ ಎಂಬುದು ಗೊತ್ತಿರುತ್ತದೆ, ಮಳೆ ಜೋರಾಗಿ ಎದ್ದು ಬಂದರೆ ಮರುದಿನ ಅದೇ ಸಾಲಿನಿಂದ ಮುಂದುವರಿಸುತ್ತಾರೆ. ಸಾಫ್ಟ್‌ವೇರ್ ಕೂಡ ತಾನು ಎಲ್ಲಿಗೆ ತಲುಪಿದ್ದೇನೆ ಎಂಬುದನ್ನು ಡಿಸ್ಕಿನಲ್ಲಿ ಬರೆದುಕೊಳ್ಳುತ್ತಲೇ ಹೋಗುತ್ತದೆ. ನಡುವೆ ಕರೆಂಟ್ ಹೋದರೂ, ರೀಸ್ಟಾರ್ಟ್ ಆದರೂ ಮುಂದುವರಿಯುವಂತೆಯೇ ಅದನ್ನು ಮಾಡಿದ್ದಾರೆ. ಆದ್ದರಿಂದ ಅರ್ಧಕ್ಕೆ ನಿಂತ ಡಿಸ್ಕ್ ಎಂದರೆ ಹಾಳಾದ ಡಿಸ್ಕ್ ಅಲ್ಲ. ಅರ್ಧ ಭಾಗ ಎನ್‌ಕ್ರಿಪ್ಟ್ ಆಗಿದೆ, ಅರ್ಧ ಇನ್ನೂ ಆಗಿಲ್ಲ, ಸಿಸ್ಟಮ್ ಅನ್‌ಲಾಕ್ ಆಗಿರುವವರೆಗೆ ಎರಡೂ ಓದಲು ಸಿಗುತ್ತವೆ. ಈ ಹೊತ್ತಿನಲ್ಲಿ ಮಾಲೀಕರ ಕೈಯಲ್ಲಿ ಇರುವ ದೊಡ್ಡ ಭಾಗ್ಯ ಅದು.

ನಮ್ಮ ಮಲೆನಾಡಿನಲ್ಲಿ ಇದು ಮಳೆಗಾಲದಲ್ಲೇ ಹೆಚ್ಚಾಗಲು ಬಲವಾದ ಕಾರಣವಿದೆ. ಹಳೆಯ ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ಫೈಲ್‌ವಾಲ್ಟ್ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವುದು ಚಾರ್ಜರ್ ಸಿಕ್ಕಿಸಿದ್ದು, ಯಂತ್ರ ಎಚ್ಚರವಾಗಿದ್ದಾಗ ಮಾತ್ರ. ವಿಂಡೋಸ್ ಯಂತ್ರ ಸ್ಲೀಪ್‌ಗೆ ಹೋದರೆ ಅಲ್ಲೂ ಕೆಲಸ ನಿಲ್ಲುತ್ತದೆ, ಎದ್ದ ಮೇಲೆ ಮುಂದುವರಿಯುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಜುಲೈನಲ್ಲಿ ಮರ ಬಿದ್ದು ಲೈನ್ ಹೋಯಿತೆಂದರೆ ಬರುವುದು ಯಾವಾಗಲೋ. ಇನ್ವರ್ಟರ್ ಇದ್ದ ಮನೆಯಲ್ಲೂ ಎಲ್ಲ ಪ್ಲಗ್ ಪಾಯಿಂಟ್‌ಗಳಿಗೆ ಇನ್ವರ್ಟರ್ ಲೈನ್ ಇರುವುದಿಲ್ಲ. ಇನ್ನೊಂದು ಸಂಗತಿಯನ್ನು ನಾನು ಮೇಲಿಂದ ಮೇಲೆ ನೋಡುತ್ತೇನೆ. ಟೈಪ್-ಸಿ ಬಂದ ಮೇಲೆ ಮೊಬೈಲ್ ಚಾರ್ಜರನ್ನೇ ಲ್ಯಾಪ್‌ಟಾಪಿಗೂ ಸಿಕ್ಕಿಸುವ ರೂಢಿ ಬಂದಿದೆ. ಚಾರ್ಜಿಂಗ್ ಗುರುತು ಕಾಣಿಸುತ್ತದೆ, ಆದರೆ ಲ್ಯಾಪ್‌ಟಾಪ್ ಎಳೆಯುವಷ್ಟು ವ್ಯಾಟ್ ಆ ಚಾರ್ಜರ್ ಕೊಡುವುದಿಲ್ಲ. ಚಾರ್ಜಿಗಿಟ್ಟಿದ್ದೇನೆ ಎಂದು ನಂಬಿ ಮಲಗಿದವರು ಬೆಳಿಗ್ಗೆ ಎದ್ದು ನೋಡಿದರೆ ಬ್ಯಾಟರಿ ತಳ ಕಂಡಿರುತ್ತದೆ, ಎನ್‌ಕ್ರಿಪ್ಷನ್ ನಿಂತಿರುತ್ತದೆ. ಇಂಥದ್ದಕ್ಕೆ ಒರಿಜಿನಲ್ ಚಾರ್ಜರನ್ನು ಗೋಡೆಯ ಸಾಕೆಟ್ಟಿಗೇ ಹಾಕಿ, ಸ್ಲೀಪ್ ಆಫ್ ಮಾಡಿ, ಮುಚ್ಚಳ ತೆರೆದಿಟ್ಟು ಒಂದು ರಾತ್ರಿ ಬಿಟ್ಟರೆ ಮುಗಿಯಿತು. ದುಡ್ಡು ತೆಗೆದುಕೊಳ್ಳುವ ಕೆಲಸವೇ ಅಲ್ಲ ಅದು.

ಅದಕ್ಕೂ ಜಗ್ಗದ ಯಂತ್ರಗಳಿರುತ್ತವೆ. ತೀರ್ಥಹಳ್ಳಿ ಕಡೆಯ ಒಬ್ಬ ಮದುವೆ ಫೋಟೋಗ್ರಾಫರ್ ತಂದ ಲ್ಯಾಪ್‌ಟಾಪ್ ಅಂಥದ್ದು. ಒಮ್ಮೆ ಬಸ್ಸಿನಲ್ಲಿ ಬ್ಯಾಗ್ ಮರೆತು, ಡಿಪೋದವರೆಗೂ ಓಡಿ ವಾಪಸ್ ಪಡೆದಿದ್ದರಂತೆ. ಆ ಹೆದರಿಕೆಯಲ್ಲಿ ಎನ್‌ಕ್ರಿಪ್ಷನ್ ಆನ್ ಮಾಡಿದ್ದರು. ಸರಿಯಾದ ಕೆಲಸವೇ. ಆದರೆ ಅದಕ್ಕೂ ಮೊದಲೇ ಅವರ ಅಕ್ಕನ ಮಗ ರಜೆಗೆ ಬಂದವನು ಅದೇ ಲ್ಯಾಪ್‌ಟಾಪಿಗೆ ವಿಂಡೋಸ್‌ನ ಬೀಟಾ ಆವೃತ್ತಿ ಹಾಕಿಕೊಟ್ಟು ಹೋಗಿದ್ದ. ಫೋಟೋ ಹುಡುಕುವ ಹೊಸ ಸೌಲಭ್ಯ ಎಲ್ಲರಿಗಿಂತ ಮೊದಲೇ ಮಾವನಿಗೆ ಸಿಗಲಿ ಎಂಬ ಪ್ರೀತಿಯಿಂದ. ಎನ್‌ಕ್ರಿಪ್ಷನ್ 61ಕ್ಕೆ ಬಂದು ನಿಂತಿತ್ತು. ಪರದೆಯ ಮೇಲೆ ‘ಎನ್‌ಕ್ರಿಪ್ಟ್ ಆಗುತ್ತಿದೆ’ ಎಂಬ ಸಾಲು, ಪಕ್ಕದಲ್ಲಿ ತಿರುಗುತ್ತಲೇ ಇರುವ ಚಕ್ರ. ಇನ್ನೇನೂ ಇಲ್ಲ.

‘ಅಕ್ಕ, ಅಲ್ಲಿ ಅರ್ಧ ದಿನದಲ್ಲಿ ಫಾರ್ಮ್ಯಾಟ್ ಮಾಡಿ ಕೊಡ್ತೀವಿ ಅಂದ್ರು. ಈ ಸೀಸನ್ನಿನ ಮದುವೆಗಳೆಲ್ಲ ಇದರಲ್ಲೇ ಇದಾವೆ. ಅದಕ್ಕೇ ಮನಸ್ಸು ಬರ್ಲಿಲ್ಲ’ ಎಂದರು.

‘ಬೇರೆ ಎಲ್ಲಾದರೂ ಕಾಪಿ ಇದೆಯಾ?’

‘ಆಲ್ಬಮ್ಮಿಗೆ ಆರಿಸಿದ್ದು ಇದೆ. ಪೂರ್ತಿ ಇಲ್ಲ.’

ನಾನು ಮೊದಲು ಮಾಡಿದ್ದು ಆ ಚಕ್ರವನ್ನು ನಂಬದಿರುವುದು. ಕಮಾಂಡ್ ವಿಂಡೋ ತೆರೆದು ಎನ್‌ಕ್ರಿಪ್ಷನ್‌ನ ನಿಜ ಸ್ಥಿತಿ ಕೇಳಿದೆ. ಅಲ್ಲಿ ‘ಆಗುತ್ತಿದೆ’ ಎಂದು ಇರಲಿಲ್ಲ, ‘ನಿಲ್ಲಿಸಲಾಗಿದೆ’ ಎಂದಿತ್ತು. ಅದೇ ಯಂತ್ರ, ಅದೇ ಕಂಪನಿ, ಒಂದೇ ಪ್ರಶ್ನೆಗೆ ಎರಡು ಉತ್ತರ. ಸಿಸ್ಟಮ್ ಲಾಗ್ ತೆರೆದರೆ ಕಾರಣವೂ ಬರೆದಿತ್ತು: ಎರಡನೇ ಡಿಸ್ಕಿನ ಒಂದು ಜಾಗವನ್ನು ಓದಲು ಆಗುತ್ತಿಲ್ಲ. ಅದು ಹಳೆಯ ಒಂದು ಟೆರಾಬೈಟ್ ಹಾರ್ಡ್ ಡಿಸ್ಕ್. ತನ್ನ ಆರೋಗ್ಯದ ಲೆಕ್ಕವನ್ನು ಡಿಸ್ಕ್ ತಾನೇ ಇಟ್ಟುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಆ ಪಟ್ಟಿಯಲ್ಲಿ ಪೆಂಡಿಂಗ್ ಸೆಕ್ಟರ್ ಎಂಬ ಸಾಲು ಸೊನ್ನೆ ಇರಬೇಕು. ಇಲ್ಲಿ ಇರಲಿಲ್ಲ. ಓದಲು ಹೋಗಿ ಸೋತ, ಇನ್ನೂ ತೀರ್ಮಾನವಾಗದೆ ಬಾಕಿ ಉಳಿದ ಜಾಗಗಳವು.

ಓದುಗರು ಇದನ್ನು ಗಮನಿಸಬೇಕು. ಸಾಮಾನ್ಯ ಬಳಕೆಯಲ್ಲಿ ಒಂದು ಡಿಸ್ಕಿನ ಎಲ್ಲ ಭಾಗಗಳನ್ನೂ ಯಾರೂ ಓದುವುದಿಲ್ಲ. ನಾಲ್ಕು ವರ್ಷದ ಹಿಂದಿನ ಮದುವೆಯ ಫೋಲ್ಡರ್ ಇಟ್ಟಲ್ಲೇ ಇರುತ್ತದೆ. ಅಲ್ಲಿನ ಒಂದು ಜಾಗ ಸವೆದುಹೋಗಿದ್ದರೂ ಗೊತ್ತಾಗುವುದು ಯಾರಾದರೂ ಆ ಫೈಲ್ ತೆರೆದಾಗಲೇ. ಆದರೆ ಎನ್‌ಕ್ರಿಪ್ಷನ್ ಆ ತುದಿಯಿಂದ ಈ ತುದಿಯವರೆಗೆ ಒಂದನ್ನೂ ಬಿಡದೆ ಓದಲೇಬೇಕು. ಕೊಂಡ ದಿನದಿಂದ ಆ ಡಿಸ್ಕಿಗೆ ಮೊದಲ ಸಲ ಪೂರ್ತಿ ತಪಾಸಣೆ ಆಗುವುದು ಹೆಚ್ಚಾಗಿ ಆ ದಿನವೇ. ಹಾಗಾಗಿ ಎನ್‌ಕ್ರಿಪ್ಷನ್ ಮಾಡಿದ್ದರಿಂದ ಡಿಸ್ಕ್ ಹಾಳಾಯಿತು ಎಂದು ಜನ ಹೇಳುವುದು ತಲೆಕೆಳಗು. ಡಿಸ್ಕ್ ಮೊದಲೇ ಹಾಳಾಗುತ್ತಿತ್ತು, ಎನ್‌ಕ್ರಿಪ್ಷನ್ ಅದನ್ನು ಕಂಡುಹಿಡಿಯಿತು. ಅಲ್ಲಿ ನಿಂತಿದ್ದೇ ಒಳ್ಳೆಯದಾಯಿತು. ಓದಲಾಗದ ಜಾಗವನ್ನು ಏನೋ ಒಂದು ಎಂದುಕೊಂಡು ಎನ್‌ಕ್ರಿಪ್ಟ್ ಮಾಡಿ ಮುಂದೆ ಹೋಗಿದ್ದರೆ ಆ ಫೋಟೋಗಳು ಸದ್ದಿಲ್ಲದೆ ಹೋಗಿರುತ್ತಿದ್ದವು.

ಇಂಥ ಡಿಸ್ಕ್ ಕೈಗೆ ಬಂದಾಗ ಮೊದಲು ಮಾಡಬೇಕಾದದ್ದು ರಿಪೇರಿಯಲ್ಲ, ಕಾಪಿ. ಅನ್‌ಲಾಕ್ ಆಗಿರುವ ಸ್ಥಿತಿಯಲ್ಲೇ, ರೀಸ್ಟಾರ್ಟ್ ಕೂಡ ಮಾಡದೆ, ಬೇರೆ ಡಿಸ್ಕ್ ಸಿಕ್ಕಿಸಿ ಮುಖ್ಯವಾದ ಫೋಲ್ಡರ್‌ಗಳಿಂದ ಶುರುಮಾಡಿ ಎತ್ತಿಕೊಳ್ಳಬೇಕು. ಡಿಸ್ಕ್ ತಪಾಸಣೆಯ ಟೂಲ್ ಓಡಿಸುವುದು ಆಮೇಲೆ. ಸವೆದ ಡಿಸ್ಕಿಗೆ ಆ ತಪಾಸಣೆಯೇ ದೊಡ್ಡ ಶ್ರಮ, ಎಷ್ಟೋ ಡಿಸ್ಕುಗಳು ಆ ಹೊತ್ತಿನಲ್ಲೇ ಪೂರ್ತಿ ನಿಂತುಬಿಡುತ್ತವೆ. ಫೋಟೋಗ್ರಾಫರ್ ಲ್ಯಾಪ್‌ಟಾಪಿನಲ್ಲೂ ಹಾಗೇ ಮಾಡಿದೆವು. ಹಳೆಯ ಒಂದು ಫೋಲ್ಡರಿನ ಕೆಲವು ಫೈಲುಗಳು ಬರಲಿಲ್ಲ. ಉಳಿದ ಮದುವೆಗಳೆಲ್ಲ ಬಂದವು. ಅದಾದ ಮೇಲೆ ತಪಾಸಣೆ ಓಡಿಸಿ, ಕೆಟ್ಟ ಜಾಗಗಳನ್ನು ಗುರುತು ಹಾಕಿಸಿ, ಎನ್‌ಕ್ರಿಪ್ಷನ್ ಮುಂದುವರಿಸಲು ಕಮಾಂಡ್ ಕೊಟ್ಟಾಗ 61 ದಾಟಿತು. ದಾಟಿದರೂ ಆ ಡಿಸ್ಕನ್ನು ಇನ್ನು ನಂಬಬೇಡಿ ಎಂದು ಹೇಳಿ, ಹೊಸದು ಹಾಕಿಸಿದೆ.

ಹೀಗೆ ಸ್ಥಿತಿ ಕೇಳಲು ಮಂತ್ರವೇನೂ ಬೇಕಿಲ್ಲ. ವಿಂಡೋಸ್‌ನಲ್ಲಿ ‘ಮ್ಯಾನೇಜ್-ಬಿಡಿಇ’ ಎಂಬ ಕಮಾಂಡಿಗೆ ಸ್ಟೇಟಸ್ ಎಂದು ಸೇರಿಸಿದರೆ ಎಷ್ಟು ಪರ್ಸೆಂಟ್ ಆಗಿದೆ, ನಡೆಯುತ್ತಿದೆಯೇ, ನಿಂತಿದೆಯೇ ಎಲ್ಲ ಹೇಳುತ್ತದೆ. ಮ್ಯಾಕ್‌ನಲ್ಲಿ ‘ಎಫ್‌ಡಿಇಸೆಟಪ್ ಸ್ಟೇಟಸ್’ ಇದೆ. ರಿಪೇರಿ ಮೇಜಿನ ಹಿಂದೆ ಕೂತವರು ಇಷ್ಟು ಮಾಡದೆ ಫಾರ್ಮ್ಯಾಟ್ ಎಂದರೆ ನಾಡಿ ನೋಡದೆ ಆಪರೇಷನ್ನಿಗೆ ಬರೆದಂತೆ. ಆದರೆ ನನ್ನ ಪ್ರಶ್ನೆ ಬೇರೆ. ಕಮಾಂಡ್ ವಿಂಡೋದಲ್ಲಿ ಸತ್ಯ ಹೇಳುವ ಸಾಫ್ಟ್‌ವೇರ್ ಎಲ್ಲರೂ ನೋಡುವ ಪರದೆಯಲ್ಲಿ ಯಾಕೆ ಅದನ್ನು ಮುಚ್ಚಿಡಬೇಕು? ‘ಡಿಸ್ಕಿನ ಒಂದು ಭಾಗ ಓದಲು ಆಗುತ್ತಿಲ್ಲ, ಅದಕ್ಕೆ ನಿಲ್ಲಿಸಿದ್ದೇನೆ. ಮೊದಲು ನಿಮ್ಮ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ’ ಎಂದು ಎರಡು ವಾಕ್ಯ ತೋರಿಸಿದ್ದರೆ ಆ ಫೋಟೋಗ್ರಾಫರ್ ನನ್ನ ಬಳಿ ಬರುವ ಅಗತ್ಯವೇ ಇರಲಿಲ್ಲ. ಜನರನ್ನು ಗಾಬರಿಪಡಿಸಬಾರದು ಎಂದು ಕಂಪನಿಗಳು ವಿವರ ಮರೆಮಾಡುತ್ತವೆ. ತಿಳಿಯದೇ ಇರುವುದರಿಂದಲೇ ಗಾಬರಿ ಹುಟ್ಟುತ್ತದೆ, ಗಾಬರಿಯಾದವರೇ ಫಾರ್ಮ್ಯಾಟಿಗೆ ಒಪ್ಪುತ್ತಾರೆ.

ಇದು ಹಳೆಯ ಕಾಯಿಲೆ. ವಿಂಡೋಸ್ 7ರ ಕಾಲದಲ್ಲಿ ಬಿಟ್‌ಲಾಕರ್ ಕೆಲಸ ಮಾಡುವಾಗ ಡಿಸ್ಕಿನ ಖಾಲಿ ಜಾಗವೆಲ್ಲ ಇದ್ದಕ್ಕಿದ್ದಂತೆ ತುಂಬಿದಂತೆ ಕಾಣುತ್ತಿತ್ತು. ಖಾಲಿ ಜಾಗದಲ್ಲೂ ಅಳಿಸಿದ ಫೈಲುಗಳ ಚೂರು ಉಳಿದಿರಬಹುದು ಎಂದು ಅದು ಒಂದು ದೊಡ್ಡ ತಾತ್ಕಾಲಿಕ ಫೈಲ್ ಸೃಷ್ಟಿಸಿ ಜಾಗ ಹಿಡಿಯುತ್ತಿತ್ತು, ಬಳಕೆಗೆ 6 ಜಿಬಿ ಮಾತ್ರ ಬಿಡುತ್ತಿತ್ತು. ಕೆಲಸ ಮುಗಿದ ಮೇಲೆ ಜಾಗ ವಾಪಸ್ ಸಿಗುತ್ತಿತ್ತು. ಮೈಕ್ರೋಸಾಫ್ಟ್ ತನ್ನ ದಾಖಲೆಗಳಲ್ಲಿ ಇದನ್ನು ಚೆನ್ನಾಗಿಯೇ ವಿವರಿಸಿತ್ತು. ಆದರೆ ಡಿಸ್ಕ್ ಫುಲ್ ಎಂದು ಕೆಂಪು ಪಟ್ಟಿ ಕಂಡ ಮನುಷ್ಯ ಆ ದಾಖಲೆಯನ್ನು ಎಲ್ಲಿ ಹುಡುಕುತ್ತಾನೆ? 2014ರಲ್ಲಿ ಆಪಲ್ ತನ್ನ ಯೊಸೆಮಿಟಿ ಆವೃತ್ತಿಯ ಬೀಟಾವನ್ನು ಮೊದಲು ಬಂದ ಹತ್ತು ಲಕ್ಷ ಜನರಿಗೆ ತೆರೆಯಿತು. ಆ ಯೊಸೆಮಿಟಿ ಹಾಕಿಕೊಂಡ ಕೆಲವರ ಮ್ಯಾಕ್‌ಗಳಲ್ಲಿ ಫೈಲ್‌ವಾಲ್ಟ್ ಅರ್ಧಕ್ಕೆ ನಿಂತಿತು. ಆಗಿನ ನಿಯಮದಂತೆ ಒಮ್ಮೆ ಶುರುವಾದ ಎನ್‌ಕ್ರಿಪ್ಷನ್ ಮುಗಿಯುವವರೆಗೆ ಅದನ್ನು ಆಫ್ ಮಾಡಲೂ ಬರುತ್ತಿರಲಿಲ್ಲ. ಮುಗಿಯುವುದಿಲ್ಲ, ಬಿಡುವುದೂ ಇಲ್ಲ. 2017ರ ಕೊನೆಯಿಂದ ಬಂದ ಟಿ2 ಚಿಪ್ ಮತ್ತು 2020ರಿಂದ ಬಂದ ಎಂ ಸರಣಿಯ ಮ್ಯಾಕ್‌ಗಳಲ್ಲಿ ಒಳಗಿನ ಡಿಸ್ಕ್ ಮೊದಲ ದಿನದಿಂದಲೇ ಎನ್‌ಕ್ರಿಪ್ಟ್ ಆಗಿರುತ್ತದೆ, ಫೈಲ್‌ವಾಲ್ಟ್ ಆನ್ ಮಾಡಿದರೆ ಕೀಗೆ ಪಾಸ್‌ವರ್ಡಿನ ಕಾವಲು ಸೇರುತ್ತದೆ ಅಷ್ಟೆ, ತಕ್ಷಣ ಮುಗಿಯುತ್ತದೆ. ಈ ಸಮಸ್ಯೆಗೆ ನಿಜವಾದ ಪರಿಹಾರ ಅದೇ. ಆದರೆ ನಮ್ಮ ಊರುಗಳಲ್ಲಿ ಓಡುತ್ತಿರುವುದು ಹಳೆಯ ಯಂತ್ರಗಳು, ಸೆಕೆಂಡ್ ಹ್ಯಾಂಡ್ ಯಂತ್ರಗಳು, ಹೊರಗಿನಿಂದ ಸಿಕ್ಕಿಸಿದ ಹಾರ್ಡ್ ಡಿಸ್ಕ್‌ಗಳು. ಅವಕ್ಕೆ ಆ ಸುಖವಿಲ್ಲ.

ಬೀಟಾ ವಿಷಯ ಪ್ರತ್ಯೇಕವಾಗಿಯೇ ಹೇಳಬೇಕು. ಬೀಟಾ ಎಂದರೆ ಕಂಪನಿ ಇನ್ನೂ ಪರೀಕ್ಷೆ ಮಾಡುತ್ತಿರುವ ಸಾಫ್ಟ್‌ವೇರ್. ಅದನ್ನು ಹಾಕಿಕೊಂಡವರು ಗ್ರಾಹಕರಲ್ಲ, ಪರೀಕ್ಷಕರು. ಮೊದಲು ಈ ಕೆಲಸಕ್ಕೆ ಹೆಚ್ಚಾಗಿ ಸಂಬಳದವರಿದ್ದರು, ಡೆವಲಪರ್‌ಗಳಿದ್ದರು. 2014ರಲ್ಲೇ ಮೈಕ್ರೋಸಾಫ್ಟ್ ಕೂಡ ಇನ್ಸೈಡರ್ ಹೆಸರಿನಲ್ಲಿ ಬಾಗಿಲು ತೆರೆದ ಮೇಲೆ ಯಾರು ಬೇಕಾದರೂ ಒಂದು ಬಟನ್ ಒತ್ತಿ ಸೇರಬಹುದಾಯಿತು. ಸೇರುವುದು ಸುಲಭ, ಹೊರಬರುವುದು ಅಷ್ಟು ಸುಲಭವಲ್ಲ. ಮ್ಯಾಕ್‌ನಲ್ಲಿ ಹಿಂದಿನ ಆವೃತ್ತಿಗೆ ಮರಳಬೇಕಾದರೆ ಡಿಸ್ಕ್ ಅಳಿಸಿ ಹೊಸದಾಗಿ ಹಾಕಬೇಕು, ಬೀಟಾದಲ್ಲಿ ತೆಗೆದ ಬ್ಯಾಕಪ್ ಹಳೆಯ ಆವೃತ್ತಿಗೆ ಹೊಂದದೆಯೂ ಇರಬಹುದು. ವಿಂಡೋಸ್‌ನ ಕ್ಯಾನರಿ ಎಂಬ ಬೀಟಾ ಚಾನೆಲ್‌ನಿಂದ ಹೊರಬರಲೂ ಎಲ್ಲ ಅಳಿಸಿ ಮೊದಲಿನಿಂದ ಇನ್‌ಸ್ಟಾಲ್ ಮಾಡಬೇಕು. ಇದನ್ನು ಓದದೆ ‘ಒಪ್ಪಿದ್ದೇನೆ’ ಒತ್ತಿದವರೇ ಹೆಚ್ಚು.

ಬೀಟಾ ಪರೀಕ್ಷಕರ ಬಗ್ಗೆ ನನಗೆ ಗೌರವವಿದೆ. ಅವರು ಬರೆದು ಕಳಿಸುವ ದೂರುಗಳಿಂದಲೇ ನಮ್ಮೆಲ್ಲರ ಸಾಫ್ಟ್‌ವೇರ್ ಸರಿಯಾಗುತ್ತದೆ. ಅವರ ಮಾತು ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ 2018ರ ಅಕ್ಟೋಬರ್ ಸಾಕ್ಷಿ. ಆಗ ಬಿಡುಗಡೆಯಾದ ವಿಂಡೋಸ್ 10ರ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್, ಫೋಟೋ ಫೋಲ್ಡರ್‌ಗಳನ್ನೇ ಅಳಿಸಿಹಾಕಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅದನ್ನು ತಡೆಹಿಡಿದು, ನವೆಂಬರ್‌ನಲ್ಲಿ ಮತ್ತೆ ಬಿಡುಗಡೆ ಮಾಡಿತು. ಆಮೇಲೆ ಗೊತ್ತಾದ ಸಂಗತಿ ಎಂದರೆ, ಬಿಡುಗಡೆಗೆ ಮೊದಲೇ ಕೆಲವು ಪರೀಕ್ಷಕರು ಫೈಲುಗಳು ಕಾಣೆಯಾಗಿವೆ ಎಂದು ಬರೆದು ತಿಳಿಸಿದ್ದರು. ಹೆಚ್ಚು ಜನ ವೋಟ್ ಹಾಕದ ದೂರು ಎಂದು ಅದು ರಾಶಿಯ ಅಡಿಯಲ್ಲಿ ಉಳಿದುಹೋಗಿತ್ತು. ದೂರು ಎಷ್ಟು ಜನರದು ಎಂಬುದರ ಜೊತೆಗೆ ಎಷ್ಟು ಗಂಭೀರ ಎಂದು ತಿಳಿಸುವ ಜಾಗವನ್ನು ಆಮೇಲೆ ಸೇರಿಸಿದರು. ಹಾಗಾಗಿ ಎನ್‌ಕ್ರಿಪ್ಷನ್ ನಿಂತವರು ಬೀಟಾದಲ್ಲಿದ್ದರೆ, ಫೈಲುಗಳನ್ನು ಉಳಿಸಿಕೊಂಡ ಮೇಲೆ ಲಾಗ್ ಸಮೇತ ಆ ದೂರನ್ನು ಕಳಿಸಲೇಬೇಕು. ಬೀಟಾಕ್ಕೆ ಒಪ್ಪಿಕೊಂಡಾಗ ತೆಗೆದುಕೊಂಡ ಹೊಣೆ ಅದು.

ಅದೇ ಗೌರವದಿಂದ ಇದನ್ನೂ ಹೇಳುತ್ತೇನೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹುಡುಗ ಹುಡುಗಿಯರೇ, ಊರಿಗೆ ಬಂದಾಗ ಅಪ್ಪನ, ಮಾವನ, ಚಿಕ್ಕಮ್ಮನ ದುಡಿಮೆಯ ಕಂಪ್ಯೂಟರಿಗೆ ಬೀಟಾ ಹಾಕಬೇಡಿ. ನಿಮ್ಮ ಬಳಿ ಇನ್ನೊಂದು ಲ್ಯಾಪ್‌ಟಾಪ್ ಇರುತ್ತದೆ, ಕ್ಲೌಡಿನಲ್ಲಿ ಎಲ್ಲದರ ಕಾಪಿ ಇರುತ್ತದೆ, ಕೇಳಲು ಸಹೋದ್ಯೋಗಿಗಳಿರುತ್ತಾರೆ. ಹಳ್ಳಿಯ ಫೋಟೋ ಸ್ಟುಡಿಯೋಗೆ, ತಾಲ್ಲೂಕು ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಗೆ, ಅಡಿಕೆ ಮಂಡಿಯ ಲೆಕ್ಕದವರಿಗೆ ಇರುವುದು ಆ ಒಂದೇ ಯಂತ್ರ. ಕಂಪನಿಗಳಿಂದಲೂ ನಾನು ಒಂದನ್ನು ಕೇಳುತ್ತೇನೆ. ಬೀಟಾ ಓಡುತ್ತಿರುವ ಯಂತ್ರದಲ್ಲಿ ಡೇಟಾ ತುಂಬಿದ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಲು ಹೊರಟಾಗ, ಬ್ಯಾಕಪ್ ಇದೆಯೇ ಎಂದು ಪರಿಶೀಲಿಸದೆ ಶುರುವಾಗಬಾರದು. ಡಿಸ್ಕಿನ ಸ್ಮಾರ್ಟ್ ಲೆಕ್ಕ ನೋಡಲು ಕಂಪ್ಯೂಟರಿಗೆ ಒಂದು ಕ್ಷಣ ಸಾಕು. ಪೆಂಡಿಂಗ್ ಸೆಕ್ಟರ್ ಸೊನ್ನೆಯಿಲ್ಲದ ಡಿಸ್ಕಿಗೆ ‘ಬೇಡ, ಮೊದಲು ಕಾಪಿ ಮಾಡಿ’ ಎನ್ನುವುದು ದೊಡ್ಡ ಎಂಜಿನಿಯರಿಂಗ್ ಅಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಎನ್‌ಕ್ರಿಪ್ಷನ್ನೇ ಬೇಡ ಎನ್ನುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆಯ ತೆರಿಗೆ ಸಲಹೆಗಾರರೊಬ್ಬರ ಲ್ಯಾಪ್‌ಟಾಪ್ ತೆರೆದರೆ ನೂರಾರು ಜನರ ಆಧಾರ್, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಒಂದೇ ಫೋಲ್ಡರಿನಲ್ಲಿರುತ್ತವೆ. ಎನ್‌ಕ್ರಿಪ್ಟ್ ಆಗದ ಲ್ಯಾಪ್‌ಟಾಪ್ ಕಳೆದರೆ ಪಾಸ್‌ವರ್ಡ್ ಯಾವ ಕೆಲಸಕ್ಕೂ ಬರುವುದಿಲ್ಲ. ಡಿಸ್ಕ್ ಬಿಚ್ಚಿ ಇನ್ನೊಂದು ಯಂತ್ರಕ್ಕೆ ಸಿಕ್ಕಿಸಿದರೆ ಎಲ್ಲ ಓದಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ ಜನರ ಮಾಹಿತಿಗೆ ತಕ್ಕ ರಕ್ಷಣೆ ಒದಗಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಆ ರಕ್ಷಣಾ ಕ್ರಮಗಳಲ್ಲಿ ಎನ್‌ಕ್ರಿಪ್ಷನ್ನನ್ನು ಹೆಸರಿಸಿಯೇ ಹೇಳಿವೆ. ಬೇರೆಯವರ ಕಾಗದಪತ್ರ ಇಟ್ಟುಕೊಂಡವರಿಗೆ ಇದು ಇನ್ನು ಇಷ್ಟಾನಿಷ್ಟದ ಮಾತಲ್ಲ.

ಬೇಕೋ ಬೇಡವೋ ಎಂದು ಕೇಳುವ ಹಂತವೂ ದಾಟಿಹೋಗುತ್ತಿದೆ. 2024ರಲ್ಲಿ ಬಂದ ವಿಂಡೋಸ್ 11ರ ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಒಳಹೋದರೆ ಹೆಚ್ಚಿನ ಯಂತ್ರಗಳಲ್ಲಿ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗುತ್ತದೆ. 48 ಅಂಕಿಗಳ ರಿಕವರಿ ಕೀ ಆ ಅಕೌಂಟಿನಲ್ಲಿ ಸೇರುತ್ತದೆ. ಇಲ್ಲಿಯೇ ನಮ್ಮ ಅಂಗಡಿಗಳ ಇನ್ನೊಂದು ಅಭ್ಯಾಸ ಮುಳುವಾಗುವುದು. ಹೊಸ ಲ್ಯಾಪ್‌ಟಾಪ್ ಸೆಟಪ್ ಮಾಡುವಾಗ ಗ್ರಾಹಕರ ಇಮೇಲ್ ಕೇಳುವ ತಾಳ್ಮೆಯಿಲ್ಲದೆ ಅಂಗಡಿಯ ಹುಡುಗ ತನ್ನದೋ ಅಂಗಡಿಯದೋ ಅಕೌಂಟ್ ಹಾಕಿ ಕೊಟ್ಟುಬಿಡುತ್ತಾನೆ. ವರ್ಷದ ನಂತರ ಯಾವುದೋ ಅಪ್‌ಡೇಟ್ ಆದ ಮೇಲೆ ಯಂತ್ರ ನೀಲಿ ಪರದೆಯಲ್ಲಿ ಕೀ ಕೇಳುತ್ತದೆ. ಕೀ ಇರುವುದು ಅಂಗಡಿ ಬಿಟ್ಟು ಹೋದ ಹುಡುಗನ ಅಕೌಂಟಿನಲ್ಲಿ. ಮಾಲೀಕರಿಗೆ ತಮ್ಮ ಡಿಸ್ಕ್ ಎನ್‌ಕ್ರಿಪ್ಟ್ ಆಗಿತ್ತು ಎಂಬುದೇ ಗೊತ್ತಿರುವುದಿಲ್ಲ.

ಕೀ ಎಲ್ಲಿದೆ ಎಂಬುದು ಎಷ್ಟು ಮುಖ್ಯ ಎಂದು ಇಡೀ ಜಗತ್ತು ನೋಡಿದ ದಿನ 2024ರ ಜುಲೈ 19. ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತವು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಮಾಡಬೇಕಿದ್ದ ರಿಪೇರಿ ಸಣ್ಣದು: ಸೇಫ್ ಮೋಡಿಗೆ ಹೋಗಿ ಒಂದು ಫೈಲ್ ಅಳಿಸುವುದು. ಆದರೆ ಎನ್‌ಕ್ರಿಪ್ಟ್ ಆದ ಯಂತ್ರಗಳು ಅಲ್ಲಿಗೆ ಬಿಡುವ ಮೊದಲು ರಿಕವರಿ ಕೀ ಕೇಳಿದವು. ಕೀಗಳನ್ನೆಲ್ಲ ಒಂದು ಸರ್ವರಿನಲ್ಲಿ ಇಟ್ಟಿದ್ದ ಕೆಲವು ಕಚೇರಿಗಳಲ್ಲಿ ಆ ಸರ್ವರೇ ನಿಂತಿತ್ತು.

ಆದ್ದರಿಂದ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಕೊಳ್ಳುವಾಗ ಯಾರ ಅಕೌಂಟ್ ಹಾಕುತ್ತಿದ್ದೀರಿ ಎಂದು ಕೇಳಿ. ಈಗಾಗಲೇ ಕೊಂಡಿದ್ದರೆ ಸೆಟ್ಟಿಂಗ್ಸ್ ತೆರೆದು ನೋಡಿ, ನಿಮ್ಮದಲ್ಲದ ಇಮೇಲ್ ಕಂಡರೆ ಬದಲಿಸಿಕೊಂಡು, ಕೀಯನ್ನು ಮತ್ತೆ ನಿಮ್ಮ ಅಕೌಂಟಿಗೆ ಉಳಿಸಿಕೊಳ್ಳಿ. ಜೊತೆಗೆ ಕಾಗದದ ಮೇಲೂ ಬರೆದು, ಅಂಕಿಗಳನ್ನು ಇನ್ನೊಬ್ಬರಿಂದ ಓದಿಸಿ ತಾಳೆ ನೋಡಿ, ಪಹಣಿ, ವಿಮೆ ಪಾಲಿಸಿ ಇರುವ ಫೈಲಿನಲ್ಲಿಡಿ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಮಾತ್ರ ಬೇಡ. ರಿಪೇರಿಗೆ ತಂದಾಗ ಅಂಗಡಿಯವರಿಗೆ ಕೀ ಹೇಳಬೇಕೇ ಎಂದು ಬಹಳ ಜನ ನನ್ನನ್ನು ಕೇಳುತ್ತಾರೆ. ಹೇಳಬೇಕಿಲ್ಲ. ಕೀಬೋರ್ಡ್ ನಿಮ್ಮ ಕಡೆ ತಿರುಗಿಸಿಕೊಂಡು ನೀವೇ ಟೈಪ್ ಮಾಡಿ. ಕೆಲಸ ಮುಗಿದ ಮೇಲೆ ಹೊಸ ಕೀ ಮಾಡಿಸಿಕೊಂಡು ಹಳೆಯ ಚೀಟಿ ಹರಿದುಹಾಕಿ. ಇದಕ್ಕೆ ಒಪ್ಪದ ಅಂಗಡಿಯಾದರೆ ಲ್ಯಾಪ್‌ಟಾಪ್ ವಾಪಸ್ ತೆಗೆದುಕೊಂಡು ಬೇರೆ ಕಡೆ ಹೋಗಿ.